ಕಾಲು ತೆಗೆದವನ ಗೆಲುವು

ಹೊಸದೊಂದನ್ನು ಕಂಡುಹಿಡಿದವರನ್ನು ಅವರವರ ಕಾಲದ ಜನ ಗೋಳು ಹೊಯ್ದುಕೊಂಡರು ಎಂದು ಶಾಲೆಯಲ್ಲಿ ಓದಿದಾಗ ನನಗೊಂದು ಸಂಶಯ ಹುಟ್ಟಿತ್ತು. ಊರು ನಕ್ಕರೂ ಅಷ್ಟು ದೊಡ್ಡವರಿಗೆ ಮನೆಯಲ್ಲಾದರೂ ಒಂದಿಷ್ಟು ಮರ್ಯಾದೆ ಸಿಕ್ಕಿರಬೇಕಲ್ಲ ಎಂದು. ಮದುವೆಯಾಗಿ, ಕಾರು ಕೊಂಡು, ಆ ಕಾರಿನಲ್ಲಿ ಹೆಂಡತಿಯನ್ನೂ ಹೆಂಡತಿಯ ತಮ್ಮನನ್ನೂ ಒಟ್ಟಿಗೆ ಕೂರಿಸಿಕೊಂಡು ಹೊರಟ ದಿನ ಆ ಸಂಶಯ ಪರಿಹಾರವಾಯಿತು. ಊರಿನ ಜನ ಎಷ್ಟೋ ವಾಸಿ. ಅವರು ಹಿಂದಿನ ಸೀಟಿನಲ್ಲಿ ಕೂತುಕೊಂಡು ನಗುವುದಿಲ್ಲ.

ನನ್ನ ಸಂಶೋಧನೆ ಇಷ್ಟೇ: ಓಡುತ್ತಿರುವ ವಸ್ತುವನ್ನು ಮತ್ತೆ ಓಡಿಸಬೇಕಾಗಿಲ್ಲ. ಫ್ಯಾನು ಆರಿಸಿದ ಮೇಲೂ ಸ್ವಲ್ಪ ಹೊತ್ತು ತಿರುಗುತ್ತದೆ. ಆ ಗಾಳಿ ಬಿಟ್ಟಿ. ಆದ್ದರಿಂದ ಕೋಣೆ ಬಿಡುವುದಕ್ಕೆ ಮುಂಚೆಯೇ ಅದನ್ನು ಆರಿಸಿ, ಉಳಿದ ಗಾಳಿಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಬೇಕು. ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ತೆಗೆದ ಮೇಲಿನ ಕಾವಿನಲ್ಲಿ ಕರವಸ್ತ್ರಗಳನ್ನೆಲ್ಲ ಮುಗಿಸಬೇಕು. ಹುಳಿ ಇನ್ನೇನು ಕುದಿ ಬರುತ್ತದೆ ಎನ್ನುವಾಗ ಗ್ಯಾಸು ಆರಿಸಿದರೆ ಪಾತ್ರೆಯ ಬಿಸಿಗೆ ಅದು ತಾನಾಗಿಯೇ ಕುದಿಯುತ್ತದೆ. ಈ ಕೊನೆಯ ಪ್ರಯೋಗವನ್ನು ನನ್ನ ಹೆಂಡತಿ ಪದ್ಮ ಒಂದೇ ಒಂದು ಸಲ ಮಾಡಗೊಟ್ಟಳು. ಅಂದಿನಿಂದ ಅಡುಗೆಮನೆಯ ಹೊಸ್ತಿಲು ನನ್ನ ಪಾಲಿಗೆ ದೇಶದ ಗಡಿ. ಆದರೆ ಈ ತತ್ತ್ವದ ಪೂರ್ಣ ವೈಭವ ಕಾಣುವುದು ಕಾರಿನಲ್ಲಿ. ದೂರದಲ್ಲಿ ಸಿಗ್ನಲ್ಲು ಕೆಂಪಾಗಿ ಕಂಡರೆ ಅಲ್ಲಿಂದಲೇ ಆಕ್ಸಿಲರೇಟರಿನ ಮೇಲಿನ ಕಾಲು ತೆಗೆಯಬೇಕು. ಹತ್ತಿರ ಹೋಗುವ ಹೊತ್ತಿಗೆ ಅದು ಹಸಿರಾಗಿರುತ್ತದೆ, ಬ್ರೇಕು ಮುಟ್ಟುವ ಕೆಲಸವೇ ಇಲ್ಲ. ಕೆಲವು ಸಲ ಹಸಿರಾಗಿ, ಮತ್ತೆ ಕೆಂಪೂ ಆಗಿರುತ್ತದೆ. ಅದಕ್ಕೆ ತತ್ತ್ವ ಹೊಣೆಯಲ್ಲ. ಗಿಂಡಿಯ ಎಸ್ಟೇಟಿನಲ್ಲಿ ಒತ್ತಡ ಅಳೆಯುವ ಮೀಟರುಗಳನ್ನು ಮಾಡುವ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ನಿವೃತ್ತಿಯವರೆಗೂ ದುಡಿದವನು ನಾನು. ಸಂಜೆ ಪೋರೂರಿನ ಮನೆಗೆ ಮರಳುವಾಗ ಕತ್ತಿಪಾರ ಮೇಲ್ಸೇತುವೆಯ ನೆತ್ತಿ ತಲುಪಿದೊಡನೆ ಗೇರು ತಪ್ಪಿಸಿ ನ್ಯೂಟ್ರಲ್ಲಿಗೆ ಹಾಕಿ, ಆ ಇಳಿಜಾರನ್ನು ದಿನವೂ ಪ್ರಸಾದದಂತೆ ಸ್ವೀಕರಿಸಿದ್ದೇನೆ. ಹಿಂದಿನವರು ಹಾರ್ನು ಹೊಡೆಯುತ್ತಾರೆ. ಹೊಡೆಯಲಿ. ಖರ್ಚಾಗುವುದು ಅವರ ಬ್ಯಾಟರಿ.

ಪದ್ಮಳ ತಮ್ಮ ಶ್ರೀಧರ ಇದಕ್ಕೆ ನೇರ ವಿರುದ್ಧ. ಅವನು ಕಾಲು ಒತ್ತುವ ಪಂಗಡದವನು. ಒಂದು ಸಿಗ್ನಲ್ಲಿನಿಂದ ಇನ್ನೊಂದಕ್ಕೆ ಬಾಣದಂತೆ ಹೋಗಿ, ಅಲ್ಲಿ ಕಿರ್ರೆಂದು ನಿಲ್ಲಿಸಿ, ಸ್ಟೀರಿಂಗಿನ ಮೇಲೆ ತಾಳ ಹಾಕುತ್ತ ಕಾಯುತ್ತಾನೆ. ನೆಂಟರು ಸೇರಿದಲ್ಲೆಲ್ಲ ಅವನದೊಂದು ಮಾತು ಇದ್ದೇ ಇರುತ್ತದೆ: "ನಮ್ಮಮ್ಮನಿಗೆ ಮದರಾಸಿಗೆ ಬಂದು ಅಷ್ಟು ವರ್ಷ ಆದರೂ ತಮಿಳು ಓದೋಕೆ ಬರ್ತಿರಲಿಲ್ಲ. ಭಾವನ ಕಾರಲ್ಲಿ ಒಂದು ಸಲ ಮೌಂಟ್ ರೋಡಿಗೆ ಹೋಗಿಬಂದಳು ನೋಡಿ, ಅಂಗಡಿ ಬೋರ್ಡೆಲ್ಲ ಅಕ್ಷರ ಕೂಡಿಸಿ ಕೂಡಿಸಿ ಓದ್ಕೊಂಡು, ವಾಪಸ್ ಬರೋ ಹೊತ್ತಿಗೆ ಪೇಪರ್ ಓದೋ ಹಾಗಾಗಿದ್ದಳು." ಎಲ್ಲರೂ ನಗುತ್ತಾರೆ. ಅತ್ತೆಯವರು ಬದುಕಿದ್ದಾಗ ಅವರೂ ನಗುತ್ತಿದ್ದರು. ವಯಸ್ಕರ ಶಿಕ್ಷಣಕ್ಕೆ ನಾನು ಸಲ್ಲಿಸಿದ ಈ ಸೇವೆಯನ್ನು ಯಾರೂ ಗುರುತಿಸಲಿಲ್ಲ.

ಇಷ್ಟೆಲ್ಲ ತಡೆದುಕೊಂಡಿದ್ದೆ. ಆದರೆ ಈಚೆಗೆ ಕಾಂಚೀಪುರದಲ್ಲಿ ಪದ್ಮಳ ಸೋದರತ್ತೆಯ ಮೊಮ್ಮಗಳ ಮದುವೆಯಾಯಿತು ನೋಡಿ, ಅಲ್ಲಿ ವಿಷಯ ಕೈಮೀರಿತು. ನಾವು ಛತ್ರ ಮುಟ್ಟಿದಾಗ ಮುಹೂರ್ತ ಮುಗಿದಿತ್ತು, ಅಕ್ಷತೆ ಮುಗಿದಿತ್ತು, ಮೊದಲ ಪಂಕ್ತಿಯವರು ಕೈತೊಳೆದು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ವಾಪಸು ಬರುವ ದಾರಿಯುದ್ದಕ್ಕೂ ಪದ್ಮ ಒಂದು ಮಾತೂ ಆಡಲಿಲ್ಲ. ನನ್ನ ಕಾರಿನಲ್ಲಿ ಅದು ಬಹಳ ದೀರ್ಘವಾದ ಮೌನ. ಮನೆಗೆ ಬಂದವಳೇ, ದೇವರಮನೆಯ ಪಕ್ಕದ ಮೊಳೆಯಿಂದ ಕಾರಿನ ಕೀಲಿಯನ್ನು ತೆಗೆದು ಬೀರುವಿನ ಕೀಲಿಗೊಂಚಲಿಗೆ ಸೇರಿಸಿಕೊಂಡಳು. "ಮೇಘನಾ ನಿಶ್ಚಿತಾರ್ಥಕ್ಕೆ ವೆಲ್ಲೂರಿಗೆ ಶ್ರೀಧರ ಓಡಿಸ್ತಾನೆ" ಎಂದಳು. "ನೀವು ಹಿಂದೆ ಕೂತು ಹಣ್ಣಿನ ತಟ್ಟೆ ಹಿಡ್ಕೊಳ್ಳಿ."

ಮೇಘನಾ ನಮ್ಮ ಒಬ್ಬಳೇ ಮಗಳು. ಅವಳನ್ನು ಶಾಲೆಗೆ ಮೊದಲ ದಿನ ಬಿಟ್ಟದ್ದು ಇದೇ ಕಾರಿನಲ್ಲಿ, ನಾನೇ. (ಎರಡನೇ ಪೀರಿಯಡ್ಡಿಗೆ, ಎಂದು ಶ್ರೀಧರ ಸೇರಿಸುತ್ತಾನೆ.) ಅಂಥವಳ ನಿಶ್ಚಿತಾರ್ಥಕ್ಕೆ ನನ್ನ ಕಾರಿನಲ್ಲಿ, ಬಾಳೆಹಣ್ಣು ಕಿತ್ತಳೆಗಳ ಹಿಂದೆ ಮುಖ ಮರೆಸಿಕೊಂಡು ಬೀಗರ ಬಾಗಿಲಿನಲ್ಲಿ ಇಳಿಯುವ ತಂದೆಯನ್ನು ನೀವೇ ಊಹಿಸಿಕೊಳ್ಳಿ. ನಾನು ರಾತ್ರಿ ಹೊತ್ತು ಊಹಿಸಿಕೊಂಡು, ಫ್ಯಾನು ಆರಿಸುವುದನ್ನೂ ಮರೆತೆ.

ಹೀಗಿರುವಾಗ ಮೇಘನಾಳ ಆಫೀಸಿನಲ್ಲಿ ಅವಳಿಗೆ ನಾಲ್ಕು ಪಾಸು ಕೊಟ್ಟರು. ಊರಿನ ರಸ್ತೆಯ ಮೇಲೆಯೇ ವಿದ್ಯುತ್ ಕಾರುಗಳ ರೇಸು, ಕಡಲತೀರದ ಆಸುಪಾಸಿನಲ್ಲಿ. ನನಗೆ ರೇಸಿನಲ್ಲಿ ಆಸಕ್ತಿಯಿರಲಿಲ್ಲ. ಅದು ಕಾಲು ಒತ್ತುವವರ ಜಾತ್ರೆ ಎಂದುಕೊಂಡಿದ್ದೆ. ಆದರೆ ಪಾಸು ಬಿಟ್ಟಿ. ಗಿಂಡಿಯವರೆಗೆ ಕಾರು, ಅಲ್ಲಿಂದ ಮೆಟ್ರೋ ಎಂದು ತೀರ್ಮಾನವಾಯಿತು. ಗಿಂಡಿಯವರೆಗೆ ಶ್ರೀಧರ ಓಡಿಸಿದ. ನಾನು ಹಿಂದೆ ಕೂತಿದ್ದೆ, ತಟ್ಟೆ ಹಿಡಿಯುವ ಅಭ್ಯಾಸವಾಗಲೆಂದೋ ಏನೋ ಪುಳಿಯೋಗರೆಯ ಸ್ಟೀಲ್ ಡಬ್ಬಿ ನನ್ನ ತೊಡೆಯ ಮೇಲೆ. ಪ್ರತಿ ಬ್ರೇಕಿಗೂ ಡಬ್ಬಿಯ ಅಂಚು ಹೊಟ್ಟೆಗೆ ಒತ್ತುತ್ತಿತ್ತು. ನನ್ನ ಕಾರು ಅಷ್ಟು ನರಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ರೇಸಿನ ಬಾಗಿಲಲ್ಲಿ ಕಾವಲಿನ ಹೆಂಗಸು ಊಟ ಒಳಗೆ ತರುವಂತಿಲ್ಲವೆಂದು ಡಬ್ಬಿಯನ್ನು ತಡೆದಳು. "ಸಾಪ್ಪಾಡು ಉಳ್ಳೆ ಅಲೌಡ್ ಇಲ್ಲೆ ಸಾರ್." ಮೇಘನಾ ನಾಚಿಕೆಯಿಂದ, "ಅಮ್ಮಾ, ನಾನು ಹೇಳಲಿಲ್ವಾ? ಉಳ್ಳೇಯೇ ಫುಡ್ ಕೋರ್ಟ್ ಇರುಕ್ಕು" ಎಂದಳು. ಫುಡ್ ಕೋರ್ಟು ಎಂಬ ಮಾತು ಕೇಳಿದೊಡನೆ ಪದ್ಮ ಡಬ್ಬಿಯ ಮುಚ್ಚಳ ತೆಗೆದಳು. ಬಾಗಿಲಿನ ಪಕ್ಕದಲ್ಲಿ ನಿಂತೇ ನಾಲ್ವರೂ ಅದನ್ನು ಖಾಲಿ ಮಾಡಿದೆವು. ಕಾವಲಿನವಳಿಗೂ ಮುಚ್ಚಳದಲ್ಲಿ ಒಂದಿಷ್ಟು ಹಾಕಿಕೊಟ್ಟಾಯಿತು. ಆಕೆ ತಿಂದು, "ಸೂಪರ್ ಮಾ, ಎಳ್ಳು ಪೋಟ್ಟಿರುಕ್ಕೀಂಗಳಾ?" ಎಂದು ಎಳ್ಳು ಹಾಕಿದ್ದನ್ನು ವಿಚಾರಿಸಿ, ಖಾಲಿ ಡಬ್ಬಿಯನ್ನು ಗೌರವದಿಂದ ಒಳಗೆ ಬಿಟ್ಟಳು.

ಒಳಗೆ ಹೋಗಿ ನೋಡುತ್ತೇನೆ, ನನ್ನದೇ ರಸ್ತೆ! ತ್ರಿಪ್ಲಿಕೇನಿನ ಓಣಿಯಲ್ಲಿ ಹುಟ್ಟಿದವನು ನಾನು. ಈ ರಸ್ತೆಯ ಒಂದೊಂದು ಗುಂಡಿಯೂ ನನಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಿತ. ಒಂದೂ ಇರಲಿಲ್ಲ. ಹಂಪುಗಳನ್ನು ಕೆತ್ತಿ ತೆಗೆದಿದ್ದರು. ಡಾಂಬರು ಗ್ರಾನೈಟಿನ ಹಾಗೆ ಮಿರುಗುತ್ತಿತ್ತು. ನಾವು ತೆರಿಗೆ ಕಟ್ಟುವವರು ಹೋದಾಗ ಹಳ್ಳ, ಹೊರಗಿನವರು ಓಡಿಸುವಾಗ ಕನ್ನಡಿ ಎಂದು ನಾನು ಒಂದು ಉಪನ್ಯಾಸ ಪ್ರಾರಂಭಿಸಿದೆ. ಪದ್ಮ, "ಕೂತ್ಕೊಳ್ಳಿ" ಎಂದಳು.

ಕೂತೆ. ರೇಸೆಂದರೆ ಕಿವುಡಾಗುವಷ್ಟು ಸದ್ದು ಎಂದು ಕೇಳಿದ್ದರಿಂದ ಮನೆಯಿಂದ ಹತ್ತಿ ತಂದಿದ್ದೆ. ಎರಡು ಕಿವಿಗೂ ಶ್ರದ್ಧೆಯಿಂದ ತುರುಕಿಕೊಂಡೆ. ಕಾರುಗಳು ಬಂದವು, ಹೋದವು, ನನಗೆ ತಿಳಿಯಲೇ ಇಲ್ಲ. ಹತ್ತಿ ತೆಗೆದು ನೋಡಿದರೂ ಅಷ್ಟೇ: ಎದುರು ಮನೆಯಲ್ಲಿ ಯಾರೋ ಚಟ್ನಿಗೆ ಮಿಕ್ಸಿ ಹಾಕಿ ತೆಗೆದಂತೆ ಒಂದು ಕೀರಲು ದನಿ, ಅಷ್ಟರಲ್ಲಿ ಕಾರು ಮಾಯ. ಕಡೆಗೆ ಆ ಹತ್ತಿ ಉಪಯೋಗಕ್ಕೆ ಬಂದದ್ದು ಲೌಡ್‌ಸ್ಪೀಕರಿನಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದವನಿಗೆ. ಕಾರುಗಳು ಉಳಿಸಿದ ಸದ್ದನ್ನೆಲ್ಲ ಅವನೊಬ್ಬನೇ ಮಾಡುತ್ತಿದ್ದ.

ಅಭ್ಯಾಸದ ಸುತ್ತುಗಳು ನಡೆಯುತ್ತಿರುವಾಗ ಮೇಘನಾ ನಿಯಮಗಳನ್ನು ವಿವರಿಸಿದಳು. "ಅಪ್ಪಾ, ಎಲ್ಲಾ ಕಾರಿಗೂ ಸೇಮ್ ಚಾರ್ಜ್. ನಡುವುಲೆ ಫಿಲ್ ಪಣ್ಣ ಮುಡಿಯಾದು, ಮಧ್ಯೆ ತುಂಬಿಸೋ ಹಾಗಿಲ್ಲ. ಹಿಂದೆ ರೆಡ್ ಲೈಟ್ ಬ್ಲಿಂಕ್ ಆಗತ್ತಲ್ಲ, ಅವಾಗ ಡ್ರೈವರ್ ಕಾಲು ತೆಗೆದಿದಾನೆ ಅಂತ ಅರ್ಥ. ಹಾಗೆ ಕಾಲು ತೆಗೆದು ಬಿಟ್ಟರೆ ಕಾರು ಸುಮ್ನೆ ಉರುಳ್ತಾ ಉರುಳ್ತಾ ಸ್ವಲ್ಪ ಚಾರ್ಜ್ ವಾಪಸ್ ಬ್ಯಾಟರಿಗೇ ಹೋಗತ್ತೆ."

ನಾನು ಕಿವಿಯ ಹತ್ತಿಯನ್ನು ಕಿತ್ತೆ. "ಏನಂದೆ? ಕಾಲು ತೆಗೆದರೆ?"

"ಸೇವ್ ಆಗತ್ತೆ ಅಪ್ಪಾ. ರೇಸಲ್ಲಿ ಅದೇ ಮೇನ್."

ನಾನು ಎದ್ದು ನಿಂತೆ. ಸುತ್ತಲಿದ್ದ ಸಾವಿರಾರು ಜನರನ್ನು ಒಮ್ಮೆ ನೋಡಿದೆ. ಇವರೆಲ್ಲ ದುಡ್ಡು ಕೊಟ್ಟು ಬಂದು ಕೂತಿರುವುದು ನಾನು ಮೂವತ್ತು ವರ್ಷ ಈ ಊರಿನ ರಸ್ತೆಗಳಲ್ಲಿ ಬಿಟ್ಟಿಯಾಗಿ ಮಾಡಿ ತೋರಿಸಿದ್ದನ್ನು ನೋಡುವುದಕ್ಕೆ! ಶ್ರೀಧರನ ಕಡೆ ತಿರುಗಿ, "ಕೇಳಿಸ್ತೇನಯ್ಯಾ?" ಎಂದೆ.

"ಬಿಡಿ ಭಾವ, ರೇಸ್ ಅಂದರೆ ರೇಸ್. ಮುಂದೆ ಇರೋನು ಮುಂದೆ, ಹಿಂದೆ ಇರೋನು ನೀವು" ಎಂದ ಅವನು. ನಾನು ಒಂದು ಹೇಳಿದೆ, ಅವನು ಎರಡು ಹೇಳಿದ. ಕಾಂಚೀಪುರ ಬಂತು, ಅತ್ತೆಯವರ ತಮಿಳು ಬಂತು. ಮುಂದಿನ ಸಾಲಿನವರು ಕಾರು ಬಿಟ್ಟು ನಮ್ಮನ್ನು ನೋಡತೊಡಗಿದರು. ಪದ್ಮ ಕೈಚೀಲ ತೆರೆದು, ಗೊಂಚಲಿನಿಂದ ಕಾರಿನ ಕೀಲಿಯನ್ನು ಬಿಡಿಸಿ, ಖಾಲಿ ಡಬ್ಬಿಯೊಳಗೆ ಟಣ್ಣೆಂದು ಹಾಕಿದಳು.

"ಪೋದುಂ, ಸಾಕು ಇಬ್ಬರದೂ. ಒಬ್ಬೊಬ್ಬರು ಒಂದೊಂದು ಕಾರು ಹೇಳಿ. ಯಾರದು ಮುಂದೆ ಬರತ್ತೋ ವೆಲ್ಲೂರಿಗೆ ಅವರು ಓಡಿಸಲಿ. ಆಮೇಲೆ ಈ ಮಾತು ನಮ್ಮನೇಲಿ ಯಾರೂ ಎತ್ತಬಾರದು."

ಶ್ರೀಧರ ಒಂದು ಕ್ಷಣವೂ ಯೋಚಿಸದೆ, ಅಷ್ಟರಲ್ಲಿ ರೇಸಿಗೆ ಸಾಲುಗಟ್ಟಿದ್ದ ಕಾರುಗಳಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದ ಕೆಂಪು ಕಾರನ್ನು ಹೇಳಿದ. ನಾನು ಸಮಯ ಕೇಳಿದೆ. ಖರೀದಿ ವಿಭಾಗದಲ್ಲಿ ದುಡಿದವನು ಸರಕು ನೋಡದೆ ಆರಿಸುವುದಿಲ್ಲ. ರೇಸು ಶುರುವಾಗಿ ಮೊದಲ ಸುತ್ತುಗಳಲ್ಲಿ ನಾನು ಕಣ್ಣು ಮುಚ್ಚಿ ಕೂತೆ. "ಅಪ್ಪ ನಿದ್ದೆ ಮಾಡ್ತಿದಾರೆ" ಎಂದಳು ಮೇಘನಾ. ನಿದ್ದೆಯಲ್ಲ. ನಮ್ಮ ಎದುರಿಗೇ ಒಂದು ತಿರುವಿತ್ತು. ಎಲ್ಲ ಕಾರುಗಳ ಮಿಕ್ಸಿ ಆ ತಿರುವಿನವರೆಗೂ ಕಿರುಚುತ್ತ ಬಂದು ಅಲ್ಲಿ ನಿಲ್ಲುತ್ತಿತ್ತು. ಒಂದೇ ಒಂದು ಕಾರಿನದು ಮಾತ್ರ ಬಹಳ ಮುಂಚೆಯೇ, ಯಾವ ಗಡಿಬಿಡಿಯೂ ಇಲ್ಲದೆ, ಊಟ ಮುಗಿದವನ ತೇಗಿನಂತೆ ಇಳಿಯುತ್ತಿತ್ತು. ಕಣ್ಣು ತೆರೆದು ನೋಡಿದೆ: ಎಳೆ ಮಾವಿನಕಾಯಿ ಬಣ್ಣದ ಕಾರು, ಬಾಲದಲ್ಲಿ ಕೆಂಪು ದೀಪ ಮಿಣಮಿಣ. ಅದನ್ನು ಕಂಡಾಗ ನನಗಾದದ್ದು, ದೂರದೇಶದಲ್ಲಿ ತನ್ನ ಭಾಷೆ ಕೇಳಿದವನಿಗೆ ಆಗುವಂಥದು. "ಅದು" ಎಂದೆ.

ಅದು ಆಗ ಕೊನೆಯಿಂದ ಮೂರನೆಯದಾಗಿತ್ತು. ಶ್ರೀಧರ ಚಪ್ಪಾಳೆ ತಟ್ಟಿ ನಕ್ಕ. ನಮ್ಮ ಹಿಂದೆ ಕೂತಿದ್ದ ಯುವಕನೊಬ್ಬನೂ ಬಗ್ಗಿ, "ಸಾರ್, ಅದು ವೇಸ್ಟ್ ಸಾರ್, ವೇರೆ ಸೊಲ್ಲುಂಗ" ಎಂದು ಬೇರೆ ಕಾರು ಆರಿಸಲು ಹೇಳಿ ಕನಿಕರ ತೋರಿಸಿದ. ನಾನು ಕದಲಲಿಲ್ಲ.

ಮುಂದಿನ ಅರ್ಧ ಗಂಟೆ ನನ್ನ ನಂಬಿಕೆಗೆ ಒದಗಿದ ಪರೀಕ್ಷೆ. ಮಾವಿನಕಾಯಿ ಕಾರು ಹಿಂದಿನಿಂದ ಎರಡನೆಯದಾಯಿತು. "ಭಾವ, ನಿಮ್ಮ ಗಾಡಿ ಬೀಚಲ್ಲಿ ಸುಂಡಲ್ ತಿನ್ನೋಕೆ ನಿಂತಿದೆಯೋ ಏನೋ ನೋಡಿ" ಎಂದ ಶ್ರೀಧರ. ಇನ್ನೊಂದು ಸುತ್ತು ಬಂದಾಗ, "ಪಾಪ, ಅಂಗಡಿ ಬೋರ್ಡ್ ಓದ್ತಿರಬೇಕು" ಎಂದ. ಕೀಲಿಯಿದ್ದ ಡಬ್ಬಿ ಮುಚ್ಚಿಕೊಂಡು ಪದ್ಮಳ ತೊಡೆಯ ಮೇಲಿತ್ತು. ಕಣ್ಣಿಗೆ ಕಟ್ಟುತ್ತಿದ್ದುದು ಹಣ್ಣಿನ ತಟ್ಟೆ. ಅಷ್ಟರಲ್ಲಿ ಯಾವುದೋ ಕಾರು ಗೋಡೆಗೆ ಸವರಿ ನಿಂತಿತು. ಓಡಿಸುತ್ತಿದ್ದವನು ಇಳಿದು ನಡೆದು ಹೋದ. ಅದನ್ನು ತೆಗೆಯುವವರೆಗೆ ಉಳಿದ ಕಾರುಗಳೆಲ್ಲ ಒಂದು ಮುಂದಾಳು ಕಾರಿನ ಹಿಂದೆ ಸಾಲಾಗಿ, ನಿಧಾನವಾಗಿ, ಒಂದನ್ನೊಂದು ಮೀರದೆ ಹೋಗಬೇಕೆಂದು ಅಪ್ಪಣೆಯಾಯಿತು. ಆಹಾ, ಆ ದೃಶ್ಯವನ್ನು ನಾನು ಮರೆಯಲಾರೆ. ಜಗತ್ತಿನ ಅತಿವೇಗದ ಚಾಲಕರೆಲ್ಲ ನಾನು ಗಿಂಡಿಯಿಂದ ಪೋರೂರಿಗೆ ಹೋಗುವ ರೀತಿಯಲ್ಲಿಯೇ ಹೋಗುತ್ತಿದ್ದರು. "ಇದಪ್ಪಾ ಓಡಿಸೋ ಕ್ರಮ" ಎಂದು ನಾನು ಗಟ್ಟಿಯಾಗಿಯೇ ಹೇಳಿದೆ.

ಮತ್ತೆ ಬಿಟ್ಟಾಗ ದೊಡ್ಡ ಪರದೆಯ ಮೇಲೆ ಒಂದೊಂದು ಕಾರಿನಲ್ಲಿ ಎಷ್ಟೆಷ್ಟು ಚಾರ್ಜು ಉಳಿದಿದೆ ಎಂದು ತೋರಿಸಿದರು. ಕೆಂಪು ಕಾರಿನದು ತಿಂಗಳ ಕೊನೆಯ ಸಂಬಳದಂತಿತ್ತು. ಮಾವಿನಕಾಯಿಯದು ಎಲ್ಲರಿಗಿಂತ ಹೆಚ್ಚು. ಮೇಘನಾ, "ಮಾಮಾ, ಪಾತ್ತೀಂಗಳಾ, ನೋಡಿದ್ರಾ!" ಎಂದು ಶ್ರೀಧರನ ತೋಳು ಹಿಡಿದು ಅಲ್ಲಾಡಿಸಿದಳು. ಅಲ್ಲಿಂದ ಮುಂದೆ ನಡೆದದ್ದನ್ನು ನಾನು ವರ್ಣಿಸಲಾರೆ, ವರ್ಣಿಸತೊಡಗಿದರೆ ನಿಲ್ಲಿಸಲಾರೆ. ಇಷ್ಟು ಹೊತ್ತು ಕಾಲು ತೆಗೆದುಕೊಂಡೇ ಇದ್ದ ನನ್ನ ಕಾರು, ಸಮಾರಾಧನೆಯಲ್ಲಿ ಕೊನೆಯ ಪಂಕ್ತಿಯವನು ಪಾಯಸಕ್ಕೆ ಎದ್ದಂತೆ ಎದ್ದಿತು. ಒಂದನ್ನು ದಾಟಿತು, ಎರಡನ್ನು ದಾಟಿತು. ಮುಂದಿದ್ದವರೆಲ್ಲ ಈಗ ಚಾರ್ಜು ಉಳಿಸಲು ಕಾಲು ತೆಗೆಯುತ್ತಿದ್ದರು. ತೆಗೆಯಬೇಕಾದ ಕಾಲದಲ್ಲಿ ತೆಗೆಯದವರ ಗತಿ ಅದು. ಕಟ್ಟಕಡೆಯ ಸುತ್ತಿನಲ್ಲಿ, ನಮ್ಮ ಎದುರಿನ ಅದೇ ತಿರುವಿನಲ್ಲಿ, ಕೆಂಪು ಕಾರು ಮಲಗಿದ ಹಾಗೆ ಉರುಳುತ್ತಿರಲು ಮಾವಿನಕಾಯಿ ಅದರ ಪಕ್ಕದಿಂದ ಸುಯ್ಯೆಂದು ಹೋಯಿತು. ನಾನು ಕೂಗಿದೆ. ಏನು ಕೂಗಿದೆನೋ ಗೊತ್ತಿಲ್ಲ. "ಗೋವಿಂದಾ" ಎಂದೆನೆಂದು ಪದ್ಮ ಹೇಳುತ್ತಾಳೆ.

ಗೆದ್ದವರು ಹೆಲ್ಮೆಟ್ಟು ತೆಗೆದಾಗ ಪರದೆಯ ಮೇಲೆ ಕಂಡದ್ದು ಮೇಘನಾಳ ವಯಸ್ಸಿನ ಒಬ್ಬ ಹುಡುಗಿ. ಮೇಘನಾ ಬಾಯಿಗೆ ಬೆರಳಿಟ್ಟು ಸಿಳ್ಳೆ ಹೊಡೆದಳು. ಅವಳಿಗೆ ಸಿಳ್ಳೆ ಬರುತ್ತದೆಂದು ನಮಗೆ ಅಂದೇ ತಿಳಿದದ್ದು. ಬೀಗರಿಗೆ ಇನ್ನೂ ತಿಳಿದಿಲ್ಲ. ಹಿಂದಿನ ಯುವಕ ಕೈಮುಗಿದು, "ಸಾರ್, ನೀಂಗ ರೇಸ್ ಎಕ್ಸ್‌ಪರ್ಟಾ?" ಎಂದು ಕೇಳಿದ. "ಮುಪ್ಪದು ವರುಷ ಅನುಭವಂ" ಎಂದು ನಾನು ಮೂವತ್ತು ವರ್ಷದ ಅನುಭವವನ್ನು ಗಂಭೀರವಾಗಿ ಮುಂದಿಟ್ಟೆ. ಶ್ರೀಧರ ಬೇರೆ ಕಡೆ ನೋಡುತ್ತಿದ್ದ. ಪದ್ಮ ಡಬ್ಬಿ ತೆರೆದು ಕೀಲಿಯನ್ನು ನನ್ನ ಕೈಗಿಟ್ಟಳು. ಅದಕ್ಕೆ ಒಂದು ಅಗುಳು ಪುಳಿಯೋಗರೆ ಅಂಟಿತ್ತು. ಅದನ್ನು ಬಾಯಿಗೆ ಹಾಕಿಕೊಂಡೆ. ಅಂಥ ರುಚಿಯ ಪುಳಿಯೋಗರೆಯನ್ನು ನಾನು ಜನ್ಮದಲ್ಲಿ ತಿಂದಿಲ್ಲ.

ಗಿಂಡಿಯಲ್ಲಿ ಇಳಿದು, ನನ್ನ ಸೀಟಿನಲ್ಲಿ ನಾನು ಕೂತೆ. ಡಬ್ಬಿ ಶ್ರೀಧರನ ತೊಡೆಗೆ ಹೋಯಿತು. ಅವನು ನನ್ನ ಪಕ್ಕದಲ್ಲಿ, ತಾಯಿ ಮಗಳು ಹಿಂದೆ. ಕತ್ತಿಪಾರದ ನೆತ್ತಿಯಲ್ಲಿ ನಾನು ವಿಧಿವತ್ತಾಗಿ ಗೇರು ತಪ್ಪಿಸಿದೆ. ಯಾರೂ ನಗಲಿಲ್ಲ. ಕಾರು ತೇಲುತ್ತ ಇಳಿಯಿತು. ಆಗ ಹಿಂದಿನಿಂದ ಪದ್ಮ ಮೆಲ್ಲಗೆ ಹೇಳಿದಳು:

"ರೀ, ಆ ಹುಡುಗಿ ಮೊದಲೆಲ್ಲ ಉಳಿಸಿದ್ದು ಕೊನೇಲಿ ಓಡಬೇಕು ಅಂತ. ನೀವು ನನ್ನ ಮದುವೆಯಾದಾಗಿಂದ ಉಳಿಸ್ತಾನೇ ಇದ್ದೀರಿ. ನಿಮ್ಮ ಕೊನೇ ಸುತ್ತು ಯಾವಾಗ?"

ತತ್ತ್ವದಲ್ಲಿ ಇಂಥದೊಂದು ತೂತು ಇರುವುದನ್ನು ಕಂಡುಹಿಡಿಯಲು ಅವಳು ಇಷ್ಟು ದಿನ ತೆಗೆದುಕೊಂಡಳಲ್ಲ ಎಂಬುದೊಂದೇ ಆಶ್ಚರ್ಯ. ನಾನು ಎ.ಸಿ.ಯ ಗುಬುಟು ತಿರುಗಿಸಿದೆ. ಅದನ್ನು ಕೊಂಡ ಹೊಸದರಲ್ಲಿ ಒಮ್ಮೆ ಪರೀಕ್ಷಿಸಿದ್ದೆ, ಆಮೇಲೆ ಹಾಕಿರಲಿಲ್ಲ. ಅಷ್ಟು ವರ್ಷದ ಧೂಳೂ ಒಂದು ಒಣಗಿದ ಬೇವಿನೆಲೆಯೂ ನೇರವಾಗಿ ಶ್ರೀಧರನ ಮುಖಕ್ಕೆ ಬಂದವು. ಆಮೇಲೆ ತಣ್ಣನೆಯ ಗಾಳಿ. "ಅಯ್ಯೋ, ವರ್ಕ್ ಆಗತ್ತೆ!" ಎಂದು ಮೇಘನಾ ಚೀರಿದಳು. ಗೇರು ಹಾಕಿದೆ. ಕಾಲು ಒತ್ತಿದೆ. ಕಾರು ಒಂದು ಕ್ಷಣ ನನ್ನನ್ನು ನಂಬದೆ ಕೆಮ್ಮಿತು, ನಂತರ ಮುನ್ನುಗ್ಗಿತು. ಪೋರೂರಿನ ರಸ್ತೆಯಲ್ಲಿ ಒಂದು ಷೇರ್ ಆಟೋ ನಮ್ಮ ಮುಂದಿತ್ತು. ಅದು ಹಿಂದಾಯಿತು.

"ಭಾವ, ಮೆಲ್ಲಗೆ, ಮೆಲ್ಲಗೆ!" ಎಂದ ಶ್ರೀಧರ, ಡಬ್ಬಿಯನ್ನು ಎದೆಗವಚಿಕೊಂಡು.

ಈ ಮೂರು ಶಬ್ದಗಳನ್ನು ಅವನ ಬಾಯಿಂದ ಕೇಳುವುದಕ್ಕಾಗಿಯೇ ನಾನು ಇಷ್ಟು ಕಾಲ ಉಳಿಸುತ್ತಿದ್ದೆನೋ ಏನೋ. ಆ ಷೇರ್ ಆಟೋ ಆಗ ಜನ ಹತ್ತಿಸಿಕೊಳ್ಳಲು ನಿಂತಿತ್ತು ಎಂದು ಅವನು ಈಗ ಹೇಳಿಕೊಂಡು ತಿರುಗುತ್ತಿದ್ದಾನೆ. ನಿಂತದ್ದೋ ಓಡುವುದೋ, ಹಿಂದೆ ಹಾಕಿದ್ದು ಹಾಕಿದ್ದೇ.

ಇನ್ನು ವೆಲ್ಲೂರಿನ ಮಾತು. ನಾನೇ ಓಡಿಸಿದೆ. ಕಾಂಚೀಪುರದ ಕಳಂಕ ತೊಳೆಯಬೇಕು, ತತ್ತ್ವವನ್ನೂ ಬಿಡಬಾರದು, ಹೀಗಾಗಿ ಹಾಲಿನವನು ಬರುವುದಕ್ಕೂ ಮುಂಚೆ ಎಲ್ಲರನ್ನೂ ಎಬ್ಬಿಸಿ ಹೊರಡಿಸಿದೆ. ನಾವು ಬೀಗರ ಬಾಗಿಲು ತಟ್ಟಿದಾಗ ಅವರು ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಬಂದು ತೆರೆದರು. ಮನೆಯೊಳಗೆ ಇನ್ನೂ ಹಾಸಿಗೆ ಸುತ್ತುತ್ತಿದ್ದರು. "ಅಬ್ಬಾ, ಚೆನ್ನೈಯಿಂದ ಇಷ್ಟು ಹೊತ್ತಿಗೇ!" ಎಂದು ಬೀಗರು ನೊರೆಯ ನಡುವೆ ಉದ್ಗಾರ ತೆಗೆದರು. "ಭಾರಿ ಸ್ಪೀಡು! ಕಾರು ಓಡಿಸಿದ್ದು ಯಾರು?"

ನನ್ನ ಆಯುಷ್ಯದಲ್ಲಿ ಈ ಪ್ರಶ್ನೆಯನ್ನು ಯಾರೂ ಈ ದನಿಯಲ್ಲಿ ಕೇಳಿರಲಿಲ್ಲ. ನಾನು ವಿನಯದಿಂದ ತಲೆ ತಗ್ಗಿಸಿದೆ. ನನ್ನ ಹಿಂದೆ ಹಣ್ಣಿನ ತಟ್ಟೆ ಹಿಡಿದು ನಿಂತಿದ್ದ ಶ್ರೀಧರ, ನಾವು ಹೊರಟದ್ದು ಎಷ್ಟು ಗಂಟೆಗೆ ಎಂದು ಹೇಳಲು ಬಾಯಿ ತೆರೆದ. ಪದ್ಮ ಅವನ ಕಾಲು ತುಳಿದಳು. ಸಂದರ್ಭ ನೋಡಿ ಒತ್ತಿದರೆ ಕಾಲಿಗೂ ಒಂದು ಉಪಯೋಗ ಉಂಟು ಎಂಬುದನ್ನು ನಾನು ಅಲ್ಲಿ, ಆ ಹೊಸ್ತಿಲಿನಲ್ಲಿ, ಒಪ್ಪಿಕೊಂಡೆ.